ಜಾಲದ ಕಂಟ್ರೋಲರನ್ನು ಮೂಲದಿಂದ ಕಟ್ಟುವ ಅಭ್ಯಾಸ

ಹುಡುಗಿಯರ ಹೈಸ್ಕೂಲುಗಳಲ್ಲಿ ಕಂಪ್ಯೂಟರಿನ ಪಾಠವಿರಬೇಕೋ ಬೇಡವೋ ಎಂಬ ಚರ್ಚೆಯು ಎಂದೋ ಮುಗಿದುಹೋಯಿತು. ಆ ಪಾಠದಲ್ಲಿ ನಮ್ಮ ಮಕ್ಕಳು ಕಲಿಯತಕ್ಕದ್ದೇನೆಂಬ ಪ್ರಶ್ನೆಯು ಮಾತ್ರ ಇನ್ನೂ ಉಳಿದಿದೆ. ಪತ್ರವನ್ನು ಬೆರಳಚ್ಚಿಸುವದು, ಲೆಕ್ಕದ ಕೋಷ್ಟಕವನ್ನು ತುಂಬುವದು, ಚಿತ್ರಗಳನ್ನು ಜೋಡಿಸಿ ಸಭೆಗೆ ತೋರಿಸುವದು, ಇವೆಲ್ಲ ಬೇಕಾದವುಗಳೇ. ಇವನ್ನು ಹಳಿಯುವದು ನಮ್ಮ ಉದ್ದೇಶವಲ್ಲ. ಆದಾಗ್ಯೂ ಇವು ಬೇರೊಬ್ಬರು ಮಾಡಿಟ್ಟ ವಸ್ತುವನ್ನು ಬಳಸುವ ಚಾತುರ್ಯವೇ ಹೊರತು ಆ ವಸ್ತುವನ್ನು ಅರಿಯುವ ವಿದ್ಯೆಯಲ್ಲ. ಮೇಲಿನ ತರಗತಿಗಳ ಹುಡುಗಿಯರಿಗೆ ವರ್ಷಕ್ಕೊಂದಾದರೂ ದೊಡ್ಡ ಕೆಲಸವನ್ನು ಅದರ ಮೂಲದಿಂದ ಮಾಡಿ ನೋಡುವ ಅವಕಾಶವು ದೊರೆಯಬೇಕೆಂದೂ, ಅಂಥ ಕೆಲಸಗಳಲ್ಲಿ ಓಪನ್ ಸೋರ್ಸ್ ನೆಟ್‌ವರ್ಕ್ ಕಂಟ್ರೋಲರೊಂದನ್ನು ತಾವೇ ಕಟ್ಟಿ ನಡೆಸುವದು ಬಹು ಉತ್ತಮವಾದದ್ದೆಂದೂ ನಮ್ಮ ಅಭಿಪ್ರಾಯ. ಇದಕ್ಕೆ ಕಾರಣಗಳನ್ನು ಹಳೇ ವಿದ್ಯಾರ್ಥಿನಿಯರ ಮತ್ತು ತಾಯ್ತಂದೆಗಳ ಮುಂದಿಡಲು ಈ ಸಂಚಿಕೆಯಲ್ಲಿ ಸ್ವಲ್ಪ ಸ್ಥಳವನ್ನು ಬೇಡಿಕೊಂಡಿದ್ದೇವೆ.

ಕಂಟ್ರೋಲರೆಂದರೆ ಏನೆಂಬುದನ್ನು ಮೊದಲು ಹೇಳುವದು ಯುಕ್ತ. ಹಿಂದಿನ ಕಾಲದ ಟೆಲಿಫೋನು ಎಕ್ಸ್‌ಚೇಂಜನ್ನು ನಮ್ಮ ಹಿರಿಯ ವಾಚಕರು ಕಂಡಿರಬಹುದು. ಮಾತಾಡಬೇಕಾದವರು ರಿಸೀವರನ್ನು ಎತ್ತಿದರೆ, ಎಕ್ಸ್‌ಚೇಂಜಿನಲ್ಲಿ ಕುಳಿತ ಹೆಣ್ಣುಮಗಳು ಯಾರು ಬೇಕೆಂದು ಕೇಳಿ, ತಂತಿಯ ತುದಿಯನ್ನು ತಕ್ಕ ರಂಧ್ರಕ್ಕೆ ಸಿಕ್ಕಿಸುವಳು. ಆಮೇಲೆ ಆ ಇಬ್ಬರ ಮಾತು ಅವಳನ್ನು ಕಾಯದೆ ತಾನಾಗಿಯೇ ಹರಿಯುತ್ತಿತ್ತು. ಈ ಉದ್ಯೋಗಕ್ಕೆ ಸೇರಿದ ಮೊದಲನೆಯ ಸ್ತ್ರೀಯು ಬಾಸ್ಟನ್ ನಗರದ ಎಮ್ಮಾ ನಟ್ ಎಂಬಾಕೆ, ಅದು 1878ರಲ್ಲಿ. ಅದಕ್ಕೆ ಮುಂಚೆ ಗಂಡುಹುಡುಗರನ್ನೇ ಆ ಹಲಗೆಯ ಮುಂದೆ ಕೂರಿಸುತ್ತಿದ್ದರು. ಕಂಪ್ಯೂಟರುಗಳ ಜಾಲದಲ್ಲಿ ಸ್ವಿಚ್ಚೆಂಬ ಪೆಟ್ಟಿಗೆಗಳು ಆ ರಂಧ್ರಗಳ ಹಲಗೆಯಂತೆ. ಕಂಟ್ರೋಲರೆಂಬ ಸಾಫ್ಟ್‌ವೇರು ಹಲಗೆಯ ಮುಂದೆ ಕುಳಿತ ಹೆಣ್ಣುಮಗಳಂತೆ. ಗುರುತಿಲ್ಲದ ಪ್ಯಾಕೆಟ್ಟೊಂದು, ಅಂದರೆ ಮಾಹಿತಿಯ ಚಿಕ್ಕ ಕಟ್ಟೊಂದು, ಬಂದಾಗ ಸ್ವಿಚ್ಚು ಅದನ್ನು ಕಂಟ್ರೋಲರಿಗೆ ಒಪ್ಪಿಸಿ ಅಪ್ಪಣೆಯನ್ನು ಕೇಳಬಹುದು. ಕಂಟ್ರೋಲರು ಇಂಥದೇ ದಾರಿಯೆಂದು ಸ್ವಿಚ್ಚಿನ ಪಟ್ಟಿಯಲ್ಲಿ ಒಂದು ನಿಯಮವನ್ನು ಬರೆಯಿಸುತ್ತದೆ. ಮುಂದೆ ಬರುವ ಪ್ಯಾಕೆಟ್ಟುಗಳು ಆ ನಿಯಮದಂತೆಯೇ ಸಾಗುತ್ತವೆ. ಇವೆರಡರ ಸಂಭಾಷಣೆಯ ಭಾಷೆಗೆ ಓಪನ್‌ಫ್ಲೋ ಎಂದು ಹೆಸರು. ಆ ಭಾಷೆಯಲ್ಲಿ ಎರಡು ಕಡೆಯವರೂ ಕಳುಹಿಸಿಕೊಳ್ಳುವ ಮೊದಲನೆಯ ಸಂದೇಶವು 'ಹಲೋ' ಎಂಬುದೇ ಆಗಿರುವದು ನಮ್ಮ ಹೋಲಿಕೆಗೆ ಚೆನ್ನಾಗಿ ಒಪ್ಪುತ್ತದೆ.

ಜಾಲಗಳು ಮೊದಲಿನಿಂದಲೂ ಹೀಗಿರಲಿಲ್ಲ. ಪ್ರತಿಯೊಂದು ಪೆಟ್ಟಿಗೆಯೂ ನೆರೆಯ ಪೆಟ್ಟಿಗೆಗಳೊಡನೆ ಮಾತಾಡಿ ತನ್ನ ದಾರಿಯನ್ನು ತಾನೇ ನಿಶ್ಚಯಿಸಿಕೊಳ್ಳುವದು ಹಳೆಯ ಪದ್ಧತಿ. ಪ್ಯಾಕೆಟ್ಟುಗಳು ಸುತ್ತಿದಲ್ಲೇ ಸುತ್ತದಂತೆ ಪೆಟ್ಟಿಗೆಗಳು ತಮ್ಮೊಳಗೆ ಒಪ್ಪಂದ ಮಾಡಿಕೊಳ್ಳುವ ಉಪಾಯವನ್ನು 1985ರಲ್ಲಿ ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ. ಅದು ಇಂದಿಗೂ ಬಳಕೆಯಲ್ಲಿದೆ. ಆದರೆ ಪೆಟ್ಟಿಗೆಯೊಳಗಿನ ಬುದ್ಧಿಯು ಅದನ್ನು ಮಾರಿದ ಕಂಪೆನಿಯ ಮುದ್ರೆಯ ಕೆಳಗೆ ಭದ್ರವಾಗಿದ್ದು, ಕೊಂಡವರು ಅದರಲ್ಲಿ ಕೈಯಾಡಿಸುವಂತಿರಲಿಲ್ಲ. ಆ ಬುದ್ಧಿಯನ್ನು ಪೆಟ್ಟಿಗೆಯಿಂದ ಹೊರಗೆ ತಂದು, ಬೇಕಾದವರು ಬರೆಯಬಹುದಾದ ಸಾಫ್ಟ್‌ವೇರಿಗೆ ಒಪ್ಪಿಸೋಣವೆಂದು 2008ರಲ್ಲಿ ಎಂಟು ಮಂದಿ ವಿದ್ವಾಂಸರು ಓಪನ್‌ಫ್ಲೋ ಕುರಿತ ಲೇಖನವನ್ನು ಪ್ರಕಟಿಸಿದರು. ಅವರಲ್ಲಿ ಸ್ಟ್ಯಾನ್‌ಫರ್ಡಿನ ನಿಕ್ ಮೆಕ್‌ಕ್ಯೂನ್ ಒಬ್ಬರು, ಪ್ರಿನ್ಸ್‌ಟನ್ನಿನ ಜೆನಿಫರ್ ರೆಕ್ಸ್‌ಫರ್ಡ್ ಮತ್ತೊಬ್ಬರು. ಗುರು ಪಾರುಳ್ಕರ್, ಹರಿ ಬಾಲಕೃಷ್ಣನ್ ಎಂಬ ಭಾರತೀಯ ಹೆಸರುಗಳೂ ಆ ಪಟ್ಟಿಯಲ್ಲಿ ಉಂಟು. ಐದು ವರ್ಷಗಳಾಗುವಷ್ಟರಲ್ಲಿ, ಎಂದರೆ 2013ರಲ್ಲಿ, ಭೂಮಿಯ ಸುತ್ತಲಿರುವ ತನ್ನ ಕೇಂದ್ರಗಳ ನಡುವಣ ಸಂಚಾರವನ್ನು ಇಂಥ ಕಂಟ್ರೋಲರುಗಳಿಂದಲೇ ನಡೆಸುತ್ತಿರುವದಾಗಿ ಗೂಗಲ್ ಸಂಸ್ಥೆಯು ಪ್ರಕಟಿಸಿತು.

ಕಂಟ್ರೋಲರುಗಳು ಹಲವುಂಟು. ನಾವು ಇಲ್ಲಿ ಓಪನ್‌ಡೇಲೈಟ್ ಎಂಬುದನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇವೆ. ಇದು 2013ನೆಯ ಏಪ್ರಿಲಿನಲ್ಲಿ ಲೀನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಆರಂಭವಾಯಿತು. ಸಿಸ್ಕೋ, ಐಬಿಎಂ, ರೆಡ್ ಹ್ಯಾಟ್ ಮೊದಲಾದ, ಪೇಟೆಯಲ್ಲಿ ಒಬ್ಬರಿಗೊಬ್ಬರು ಪ್ರತಿಸ್ಪರ್ಧಿಗಳಾದ ಕಂಪೆನಿಗಳು ಇದರಲ್ಲಿ ಕೂಡಿ ಕೆಲಸಮಾಡಿದವು. 2014ನೆಯ ಫೆಬ್ರವರಿಯಲ್ಲಿ ಹೊರಟ ಮೊದಲನೆಯ ಬಿಡುಗಡೆಗೆ ಹೈಡ್ರೋಜನ್ ಎಂದು ಹೆಸರಿಟ್ಟರು; ಆಮೇಲೆ ಹೀಲಿಯಂ, ಲಿಥಿಯಂ, ಹೀಗೆ ರಸಾಯನಶಾಸ್ತ್ರದ ಕೋಷ್ಟಕದ ಕ್ರಮದಲ್ಲಿಯೇ ಮುಂದುವರಿಯಿತು. ವಿಜ್ಞಾನದ ಅಧ್ಯಾಪಕಿಯರಿಗೆ ಇದು ಸಂತೋಷವನ್ನುಂಟುಮಾಡದೆ ಇರದು. ಇದರ ಸೋರ್ಸ್ ಕೋಡ್, ಎಂದರೆ ಮನುಷ್ಯರು ಬರೆದ ಮೂಲಬರಹವು, ಯಾರು ಬೇಕಾದರೂ ಓದುವಂತೆಯೂ ತಿದ್ದುವಂತೆಯೂ ತೆರೆದಿದೆ. ಯಾವ ತಿದ್ದುಪಡಿಯಾದರೂ ಇನ್ನೊಬ್ಬರ ಪರಿಶೀಲನೆಗೆ ಒಳಗಾದ ಮೇಲೆಯೇ ಮೂಲಕ್ಕೆ ಸೇರುತ್ತದೆ. ಯಾರು, ಯಾವ ದಿನ, ಯಾವ ಸಾಲನ್ನು ಬದಲಿಸಿದರೆಂಬ ಚರಿತ್ರೆಯು ಅದರೊಡನೆಯೇ ಬರುತ್ತದೆ.

ಇಲ್ಲಿ ತಾಯ್ತಂದೆಗಳು ಒಂದು ಆಕ್ಷೇಪವನ್ನು ಎತ್ತಬಹುದು. ಓಪನ್‌ಡೇಲೈಟ್ ಸಿದ್ಧಪಡಿಸಿದ ಕಟ್ಟಾಗಿಯೂ ದೊರೆಯುತ್ತದೆ. ಅದನ್ನು ಇಳಿಸಿಕೊಂಡು ಬಿಚ್ಚಿದರೆ ಐದು ನಿಮಿಷದಲ್ಲಿ ನಡೆಯತೊಡಗುತ್ತದೆ. ಹಾಗಿರುವಲ್ಲಿ ಮೂಲಬರಹವನ್ನು ತಂದು ಕಟ್ಟುವ ಶ್ರಮವೇಕೆ? ಆಕ್ಷೇಪವು ನ್ಯಾಯವಾದದ್ದೇ. ಸಾರಿನ ಪುಡಿಯೂ ಅಂಗಡಿಯಲ್ಲಿ ಸಿಕ್ಕುತ್ತದೆ. ಅವಸರದ ದಿನ ಅದನ್ನು ತರುವದರಲ್ಲಿ ತಪ್ಪೂ ಇಲ್ಲ. ಆದರೆ ಕೊತ್ತಂಬರಿ ಎಷ್ಟು, ಮೆಣಸಿನಕಾಯಿ ಎಷ್ಟು, ಯಾವುದನ್ನು ಎಷ್ಟು ಹುರಿಯಬೇಕೆಂಬುದು ಒಮ್ಮೆಯಾದರೂ ಸ್ವತಃ ಹುರಿದು ಕುಟ್ಟಿದವಳಿಗೇ ತಿಳಿಯುವದು. ಅಂಗಡಿಯ ಪುಡಿ ಕೆಟ್ಟಿದ್ದರೆ ಕೆಟ್ಟಿದೆಯೆಂದು ಹೇಳಬಲ್ಲವಳೂ ಅವಳೇ.

ಕಟ್ಟುವ ಕೆಲಸವು ಹೇಗೆ ನಡೆಯುತ್ತದೆಂದರೆ: ಮೂಲಬರಹವನ್ನು ಗಿಟ್ ಎಂಬ ಉಪಕರಣದಿಂದ ತರಿಸಿಕೊಳ್ಳುವದು, ಅದು ಜಾವಾ ಭಾಷೆಯಲ್ಲಿರುವದರಿಂದ ತಕ್ಕ ಜಾವಾವನ್ನು ಹಾಕಿಕೊಳ್ಳುವದು, ಮೇವನ್ ಎಂಬ ಉಪಕರಣಕ್ಕೆ ಅಪ್ಪಣೆ ಕೊಡುವದು. ಮಾತಿಗೆ ಇಷ್ಟೇ. ಕೆಲಸದಲ್ಲಿಯಾದರೋ ಮೊದಲನೆಯ ದಿನವೇ ತೊಡಕುಗಳು ಬರುತ್ತವೆ. ಹಳೆಯ ಬಿಡುಗಡೆಗಳಿಗೆ ಜಾವಾ 8 ಸಾಕಾಗಿತ್ತು. ಈಚಿನವುಗಳಿಗೆ 17, ಅದಕ್ಕೂ ಈಚಿನವುಗಳಿಗೆ 21 ಬೇಕು. ಬೇರೆಯದಿದ್ದರೆ ಕೆಲಸವು ಅರ್ಧದಲ್ಲಿ ನಿಲ್ಲುತ್ತದೆ. ಯೋಜನೆಯವರ ಸ್ವಂತ ಉಗ್ರಾಣದ ವಿಳಾಸವನ್ನು ಮೇವನ್ನಿಗೆ ತಿಳಿಸಿರದಿದ್ದರೆ ಬೇಕಾದ ಭಾಗಗಳು ಸಿಕ್ಕದೆ ಅದು ದೂರತೊಡಗುತ್ತದೆ. ಪರದೆಯ ತುಂಬ ಕೆಂಪಕ್ಷರದ ಸಾಲುಗಳು ಬಂದಾಗ ಹೆದರದೆ, ಅವುಗಳಲ್ಲಿ ಮೊದಲನೆಯ ದೋಷ ಯಾವದೆಂದು ಹುಡುಕಿ ಓದುವದು ಒಂದು ಶಿಕ್ಷಣವೇ ಸರಿ. ಯಾಕಂದರೆ ಉಳಿದ ಐವತ್ತು ಸಾಲುಗಳು ಬಹುಮಟ್ಟಿಗೆ ಆ ಒಂದರ ಸಂತಾನವಾಗಿರುತ್ತವೆ. ವ್ಯಾಕರಣದ ಪಾಠದಲ್ಲಿ ವಾಕ್ಯವನ್ನು ಬಿಡಿಸಿ ಓದಿದ ಹುಡುಗಿಗೆ ಇದು ಹೊಸ ವಿದ್ಯೆಯೂ ಅಲ್ಲ.

ಮತ್ತೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಕಟ್ಟುವಾಗ ಮೇವನ್ ಮಧ್ಯೆ ಮಧ್ಯೆ ಪರೀಕ್ಷೆಗಳನ್ನು ನಡೆಸುತ್ತದೆ. ಪ್ರತಿಯೊಂದು ಭಾಗವೂ ತಾನು ಮಾಡಬೇಕಾದದ್ದನ್ನು ಮಾಡುತ್ತದೆಯೇ ಎಂದು ನೋಡುತ್ತದೆ. ಇದಕ್ಕೆ ಹೊತ್ತು ಹಿಡಿಯುತ್ತದೆ. ಪರೀಕ್ಷೆಗಳನ್ನು ಬಿಟ್ಟು ಕಟ್ಟೆಂದು ಒಂದು ಪದವನ್ನು ಸೇರಿಸಿದರೆ ಕೆಲಸವು ಬೇಗನೆ ಮುಗಿಯುತ್ತದೆ. ಅನುಭವಿಗಳೂ ಹಾಗೆ ಮಾಡುವದುಂಟು. ನಮ್ಮ ಮಕ್ಕಳು ಮೊದಲನೆಯ ಸಾರಿ ಹಾಗೆ ಮಾಡಬಾರದೆಂಬುದು ನಮ್ಮ ಮತ. ಪರೀಕ್ಷೆಯು ಸೋತರೆ ಸೋತದ್ದು ಯಾವದೆಂದು ಓದಲಿ. ಬೇಗನೆ ಮುಗಿಸಿದ್ದಕ್ಕೆ ಇಲ್ಲಿ ಯಾರೂ ಬಹುಮಾನ ಕೊಡುವದಿಲ್ಲ.

ಮೂಲದಿಂದ ಕಟ್ಟಿದ ಮಾತ್ರಕ್ಕೆ ಎಲ್ಲವೂ ನಮ್ಮ ಅರಿವಿಗೆ ಬಂತೆಂದು ಹೆಮ್ಮೆಪಡುವವರಿದ್ದಾರೆ. ಇದನ್ನು ನಾವು ಒಪ್ಪುವದಿಲ್ಲ. ಪುಡಿಯನ್ನು ಮನೆಯಲ್ಲಿ ಕುಟ್ಟಿದರೂ ಮೆಣಸಿನಕಾಯಿ ಅಂಗಡಿಯಿಂದಲೇ ಬಂದದ್ದಷ್ಟೆ. ಮೇವನ್ ಮೊದಲನೆಯ ಸಲ ಓಡುವಾಗ ಲೋಕದ ನಾನಾ ಕಡೆಯವರು ಬರೆದ ನೂರಾರು ಸಿದ್ಧ ಭಾಗಗಳನ್ನು ತಾನೇ ತರಿಸಿಕೊಳ್ಳುತ್ತದೆ. ಅವುಗಳನ್ನೆಲ್ಲ ಹುಡುಗಿಯರು ಓದುವದು ಅಸಾಧ್ಯ. 2024ನೆಯ ಮಾರ್ಚಿಯಲ್ಲಿ ಪ್ರಕಟವಾದ ಒಂದು ವೃತ್ತಾಂತವು ಈ ವಿಷಯದಲ್ಲಿ ಸ್ಮರಣೀಯವಾಗಿದೆ. ಎಕ್ಸ್‌ಜೆಡ್ ಎಂಬುದು ಕಡತಗಳನ್ನು ಕುಗ್ಗಿಸುವ ಒಂದು ಚಿಕ್ಕ ಓಪನ್ ಸೋರ್ಸ್ ಸಾಧನ; ಲೀನಕ್ಸಿನಲ್ಲಿ ಎಲ್ಲೆಲ್ಲಿಯೂ ಇರುವದು. ಅದನ್ನು ನೋಡಿಕೊಳ್ಳುವ ಹೊಣೆಯನ್ನು ವರ್ಷಗಟ್ಟಲೆ ನಂಬಿಕೆ ಗಳಿಸಿ ಪಡೆದವರೊಬ್ಬರ ಕೈಯಿಂದಲೇ ಅದರೊಳಗೆ ಕಳ್ಳಬಾಗಿಲು ಇಡಲ್ಪಟ್ಟಿತ್ತು. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಯಿತು. ಅದಕ್ಕಿಂತಲೂ ಗಮನಿಸತಕ್ಕದ್ದು, ಆ ಬಾಗಿಲನ್ನು ತೆರೆಯುವ ತುಣುಕು ಎಲ್ಲರೂ ನೋಡುವ ಮೂಲಭಂಡಾರದಲ್ಲಿ ಇರಲಿಲ್ಲ. ಬಿಡುಗಡೆಗೆಂದು ಕಟ್ಟಿ ಇಟ್ಟ ಗಂಟಿನಲ್ಲಿ ಮಾತ್ರ ಇತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು, ತಮ್ಮ ಯಂತ್ರಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ತಡವಾಗುತ್ತಿದೆಯಲ್ಲಾ ಎಂದು ಅದರ ಬೆನ್ನು ಹತ್ತಿ ಹೋದದ್ದರಿಂದ ಅದು ಬಯಲಾಯಿತು. ಮೂಲವೆಂದು ಕರೆಯಲ್ಪಡುವದೆಲ್ಲ ಮೂಲವಲ್ಲವೆಂದೂ, ಅರ್ಧ ಸೆಕೆಂಡಿನ ವ್ಯತ್ಯಾಸವನ್ನು ಅಸಡ್ಡೆಮಾಡದ ಕಣ್ಣು ಬೇಕೆಂದೂ ಇದರಿಂದ ತಿಳಿಯುತ್ತದೆ. ಅಂಥ ಕಣ್ಣು ಸಿದ್ಧ ಕಟ್ಟನ್ನು ಬಿಚ್ಚಿ ಓಡಿಸುವ ಅಭ್ಯಾಸದಿಂದ ಬರುವದಿಲ್ಲ.

ಕಟ್ಟುವದು ಒಂದು ವಾರದ ಕೆಲಸ. ನಡೆಸುವದು ವರ್ಷದ ಕೆಲಸ. ನಮ್ಮ ಆಸಕ್ತಿಯು ಹೆಚ್ಚಾಗಿ ಈ ಎರಡನೆಯದರಲ್ಲಿಯೇ ಇದೆ. ಓಪನ್‌ಡೇಲೈಟನ್ನು ಕಟ್ಟಿ ಮೊದಲ ಸಲ ಎಬ್ಬಿಸಿದಾಗ ಅದು ಬಹುಮಟ್ಟಿಗೆ ಏನನ್ನೂ ಮಾಡುವದಿಲ್ಲ. ಕಾರಾಫ್ ಎಂಬ ಅದರ ಚೌಕಟ್ಟು ಒಲೆ ಹೂಡಿ ಪಾತ್ರೆ ಇಡದ ಅಡಿಗೆಮನೆಯಂತೆ. ಬೇಕಾದ ಸಾಮರ್ಥ್ಯಗಳನ್ನು ಒಂದೊಂದಾಗಿ ಹೆಸರಿಟ್ಟು ಕರೆದು ಒಳಗೆ ತರಬೇಕು. ಅದರ ಆರಂಭದ ಹೆಸರೂ ಗುಟ್ಟಿನ ಪದವೂ ಎರಡೂ 'ಅಡ್ಮಿನ್' ಎಂಬುದೇ. ಇದು ಪುಸ್ತಕಗಳಲ್ಲಿಯೇ ಅಚ್ಚಾಗಿರುವದರಿಂದ ಬೀಗದ ಕೈಯನ್ನು ಬಾಗಿಲಿಗೇ ತೂಗಹಾಕಿದಂತೆ. ಅದನ್ನು ಬದಲಿಸುವದು ಮೊದಲನೆಯ ದಿನದ ಮೊದಲನೆಯ ಕೆಲಸವಾಗಬೇಕು.

ಇಷ್ಟಾದ ಮೇಲೆ ಪ್ರಯೋಗಕ್ಕೆ ಸ್ವಿಚ್ಚುಗಳನ್ನು ಕೊಳ್ಳಬೇಕೇ ಎಂದರೆ ಬೇಡ. ಮಿನಿನೆಟ್ ಎಂಬ ಇನ್ನೊಂದು ಓಪನ್ ಸೋರ್ಸ್ ಸಾಧನವು ಒಂದೇ ಕಂಪ್ಯೂಟರಿನೊಳಗೆ ಸ್ವಿಚ್ಚುಗಳನ್ನೂ ಅವುಗಳಿಗೆ ಸೇರಿದ ಯಂತ್ರಗಳನ್ನೂ ಕಲ್ಪಿಸಿಕೊಡುತ್ತದೆ. ಒಂದು ಸ್ವಿಚ್ಚು, ಅದರ ಎರಡು ಪಕ್ಕದಲ್ಲಿ ಎರಡು ಯಂತ್ರಗಳು ಸಾಕು. ಓಪನ್‌ಫ್ಲೋ ಭಾಷೆಯ 1.3ನೆಯ ಆವೃತ್ತಿಯಲ್ಲಿ, ಸ್ವಿಚ್ಚಿನ ಪಟ್ಟಿ ಖಾಲಿಯಾಗಿದ್ದರೆ ಬಂದ ಪ್ಯಾಕೆಟ್ಟುಗಳು ಬಿದ್ದುಹೋಗುತ್ತವೆ. ಒಂದು ಯಂತ್ರವು ಎಷ್ಟು ಕೂಗಿದರೂ ಮತ್ತೊಂದಕ್ಕೆ ಕೇಳದು. ಆಗ ಹುಡುಗಿಯು, ಒಂದನೆಯ ಬಾಗಿಲಿನಿಂದ ಬಂದದ್ದನ್ನು ಎರಡನೆಯ ಬಾಗಿಲಿಗೆ ಕಳುಹಿಸೆಂದು ಕಂಟ್ರೋಲರಿನ ಮೂಲಕ ನಿಯಮವೊಂದನ್ನು ಬರೆಯುತ್ತಾಳೆ. ಇನ್ನೂ ಉತ್ತರ ಬರುವದಿಲ್ಲ. ಕೂಗು ಹೋಗಿ ಮುಟ್ಟಿದೆ, ಮರುದನಿಗೆ ದಾರಿಯಿಲ್ಲ. ಎರಡನೆಯದರಿಂದ ಒಂದನೆಯದಕ್ಕೂ ಒಂದು ನಿಯಮವನ್ನು ಬರೆದೊಡನೆ ಮಾತು ಕೂಡುತ್ತದೆ. ಹೋಗುವ ದಾರಿಯೇ ಬರುವ ದಾರಿಯೆಂದು ನಾವೆಲ್ಲರೂ ತಿಳಿದುಕೊಂಡಿರುವ ಭ್ರಮೆಯನ್ನು ಇಷ್ಟು ಚಿಕ್ಕ ಪ್ರಯೋಗವು ಬಿಡಿಸಿಬಿಡುತ್ತದೆ. ಎಷ್ಟು ಗಂಟೆಗಳ ಉಪನ್ಯಾಸವೂ ಇದಕ್ಕೆ ಸಮವಾಗಲಾರದು.

ಮುಂದೆ ಕಂಟ್ರೋಲರನ್ನು ಬೇಕೆಂದೇ ನಿಲ್ಲಿಸಿ ನೋಡಬೇಕು. ಆ ಎರಡು ಯಂತ್ರಗಳ ಮಾತು ನಿಲ್ಲುವದೆಂದು ತರಗತಿಯಲ್ಲಿ ಹೆಚ್ಚಿನವರು ಹೇಳಿಯಾರು, ನಿಲ್ಲುವದಿಲ್ಲ. ಮಿನಿನೆಟ್ಟಿನ ಸ್ವಿಚ್ಚನ್ನು ಸಾಮಾನ್ಯ ರೀತಿಯಲ್ಲಿ ಇಟ್ಟಿದ್ದರೆ, ಬರೆದ ನಿಯಮಗಳು ಅದರಲ್ಲಿ ಉಳಿದಿರುತ್ತವೆ. ಎಕ್ಸ್‌ಚೇಂಜಿನ ಹೆಣ್ಣುಮಗಳು ಎದ್ದುಹೋದರೂ ಸಿಕ್ಕಿಸಿದ ತಂತಿ ಸಿಕ್ಕಿಸಿದಂತೆಯೇ ಇರುವದಷ್ಟೆ. ಹೊಸ ಯಂತ್ರವೊಂದು ಬಂದರೆ ಮಾತ್ರ ಅದಕ್ಕೆ ದಾರಿ ತೋರಿಸುವವರಿಲ್ಲ. ಹಾಗಾದರೆ ಕಂಟ್ರೋಲರು ಒಂದೇ ಇರಬಾರದು, ಎರಡಿರಲಿ ಎಂದು ಜಾಣೆಯೊಬ್ಬಳು ಹೇಳುತ್ತಾಳೆ. ಎರಡೂ ಸಾಲದು. ಕೂಡಿ ನಡೆಯುವ ಕಂಟ್ರೋಲರುಗಳು ಬಹುಮತದಿಂದ ತೀರ್ಮಾನಿಸುವದರಿಂದ, ಇಬ್ಬರಲ್ಲಿ ಒಬ್ಬರು ನಿಂತುಹೋದರೆ ಉಳಿದವರಿಗೆ ಬಹುಮತವಿಲ್ಲ; ಮೂರಿದ್ದರೆ ಒಂದನ್ನು ಕಳೆದುಕೊಂಡೂ ಕೆಲಸ ಸಾಗುತ್ತದೆ. ಸಂಘಗಳ ಕಾರ್ಯದರ್ಶಿಗಳಾಗಿ ದುಡಿದ ನಮ್ಮ ಹಳೇ ವಿದ್ಯಾರ್ಥಿನಿಯರಿಗೆ ಈ ನ್ಯಾಯವನ್ನು ವಿವರಿಸುವ ಅವಶ್ಯವಿಲ್ಲ.

ದಿನದಿನದ ಪಾಲನೆಯ ಸಂಗತಿಯಾದರೋ ಮನೆವಾರ್ತೆಯನ್ನು ಬಹಳವಾಗಿ ಹೋಲುತ್ತದೆ. ಕಂಟ್ರೋಲರು ತನ್ನ ದಿನಚರಿಯನ್ನು ಒಂದು ಕಡತದಲ್ಲಿ ಬರೆಯುತ್ತಾ ಹೋಗುತ್ತದೆ. ಅದನ್ನು ಓದುವವರಿರಬೇಕು, ಹಳೆಯದನ್ನು ತೆಗೆದುಹಾಕುವವರಿರಬೇಕು, ಇಲ್ಲವಾದರೆ ಡಿಸ್ಕು ತುಂಬಿ ಒಂದು ದಿನ ಎಲ್ಲವೂ ನಿಲ್ಲುತ್ತದೆ. 2021ನೆಯ ಡಿಸೆಂಬರಿನಲ್ಲಿ ಇಂಥ ದಿನಚರಿಯನ್ನು ಬರೆಯುವ ಲಾಗ್ ಫೋರ್ ಜೆ ಎಂಬ ಜಾವಾ ಭಾಗದಲ್ಲಿಯೇ ಭಯಂಕರವಾದ ಲೋಪವೊಂದು ಹೊರಬಿದ್ದಿತು. ದೂರದಲ್ಲಿರುವವನು ಒಂದು ಸಾಲನ್ನು ಬರೆಯಿಸಿ ಯಂತ್ರವನ್ನೇ ವಶಪಡಿಸಿಕೊಳ್ಳಬಹುದಾಗಿತ್ತು. ಲೋಕದಾದ್ಯಂತ ಜಾವಾ ಸಾಫ್ಟ್‌ವೇರುಗಳನ್ನು ನಡೆಸುತ್ತಿದ್ದವರೆಲ್ಲ, ನಮ್ಮ ಪೆಟ್ಟಿಗೆಯೊಳಗೆ ಅದು ಇದೆಯೇ ಎಂದು ಹುಡುಕತೊಡಗಿದರು. ತಾವೇ ಕಟ್ಟಿಕೊಂಡಿದ್ದವರು ಭಾಗಗಳ ಪಟ್ಟಿಯನ್ನು ನೋಡಿ, ಹೊಸದನ್ನು ಸೇರಿಸಿ, ಮತ್ತೆ ಕಟ್ಟಬಹುದಾಗಿತ್ತು. ಮುಚ್ಚಿದ ಪೆಟ್ಟಿಗೆಯವರು ಮಾರಿದವರ ಪತ್ರವನ್ನು ಕಾಯಬೇಕಾಯಿತು.

ಮೂಲಬರಹವು ಕೈಯಲ್ಲಿರುವದರ ಬೆಲೆಗೆ ಇನ್ನೊಂದು ನಿದರ್ಶನವುಂಟು. ಓಪನ್‌ಡೇಲೈಟಿನ ಕಂಟ್ರೋಲರುಗಳು ಕೂಡಿ ನಡೆಯುವದಕ್ಕೆ ಆಕ್ಕಾ ಎಂಬ ಭಾಗವು ಆಧಾರವಾಗಿತ್ತು. ಅದನ್ನು ಬರೆಯಿಸುತ್ತಿದ್ದ ಕಂಪೆನಿಯು 2022ರಲ್ಲಿ, ಮುಂದಿನ ಆವೃತ್ತಿಗಳು ಮೊದಲಿನಂತೆ ಓಪನ್ ಸೋರ್ಸ್ ಆಗಿರುವದಿಲ್ಲವೆಂದು ಸಾರಿತು. ಕಂಪೆನಿಗೂ ಖರ್ಚುಂಟು, ಅವರನ್ನು ದೂಷಿಸುವದು ನಮ್ಮ ಕೆಲಸವಲ್ಲ. ಆದರೆ ಆ ದಿನದವರೆಗಿನ ಮೂಲವನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾರದವರಾಗಿದ್ದರು. ಅದನ್ನೇ ಹಿಡಿದು ಬೇರೆ ಕೆಲವರು ಪೆಕ್ಕೋ ಎಂಬ ಹೆಸರಿನಲ್ಲಿ ಅಪಾಚೆ ಫೌಂಡೇಶನ್ನಿನ ಆಶ್ರಯದಲ್ಲಿ ಕೆಲಸವನ್ನು ಮುಂದುವರಿಸಿದರು. ಮೂಲವು ತೆರೆದಿದ್ದರೂ ಅದನ್ನು ಕಟ್ಟಬಲ್ಲವರು ಒಬ್ಬರೂ ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ.

ಹುಡುಗಿಯರಿಗೆ ಇದೆಲ್ಲ ಏಕೆಂಬ ಪ್ರಶ್ನೆಯು ಈಗಲೂ ಕೆಲವು ಮನೆಗಳಲ್ಲಿ ಕೇಳಬರುತ್ತದೆ. ಬಾಯಿಬಿಟ್ಟು ಕೇಳದಿದ್ದರೂ ನಡತೆಯಲ್ಲಿ ಕಾಣಬರುತ್ತದೆ. ಮನೆಯ ವೈಫೈ ಕೆಟ್ಟರೆ ಅಣ್ಣನನ್ನು ಕರೆ, ನೀನು ಮುಟ್ಟಬೇಡ ಎನ್ನುತ್ತಾರೆ. ಗುಟ್ಟಿನ ಪದವು ಅಪ್ಪನಲ್ಲಿಯೋ ಅಣ್ಣನಲ್ಲಿಯೋ ಇರುತ್ತದೆ. ಹೆಣ್ಣುಮಗಳು ಜಾಲವನ್ನು ಬಳಸುವವಳು, ಜಾಲದ ಕೀಲಿಯು ಬೇರೆಯವರ ಸೆರಗಿನಲ್ಲಿ. ಇದು ಚಿಕ್ಕ ಸಂಗತಿಯೆಂದು ನಾವು ಭಾವಿಸುವದಿಲ್ಲ. ಯಾಕಂದರೆ ಓದು, ಬ್ಯಾಂಕು, ಆಸ್ಪತ್ರೆಯ ಚೀಟಿ, ದೂರದಲ್ಲಿರುವ ಮಗಳ ಮುಖ, ಇವೆಲ್ಲವೂ ಈಗ ಆ ಜಾಲದ ಮೂಲಕವೇ ಬರುತ್ತಿವೆ. ದಾರಿಯನ್ನು ಯಾರು ತೆರೆಯುತ್ತಾರೆ, ಯಾರು ಮುಚ್ಚುತ್ತಾರೆಂಬುದನ್ನು ತಿಳಿದವಳು ಕೇಳಬೇಕಾದ ಪ್ರಶ್ನೆಯನ್ನು ಕೇಳಬಲ್ಲಳು. ಪ್ರತಿಯೊಬ್ಬ ಹುಡುಗಿಯೂ ಇಂಜಿನಿಯರಾಗಬೇಕೆಂದು ನಾವು ಹೇಳುತ್ತಿಲ್ಲ. ಇದು ಉದ್ಯೋಗಕ್ಕೆ ದಾರಿಯೆಂದು ಆಸೆ ತೋರಿಸುವದೂ ನಮಗೆ ಸೇರದು. ಕಂಟ್ರೋಲರುಗಳ ಹೆಸರುಗಳು ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತವೆ. ಮೊದಲನೆಯ ಓಪನ್‌ಫ್ಲೋ ಕಂಟ್ರೋಲರಾದ ನಾಕ್ಸ್ ಎಂಬುದನ್ನು ಈಗ ಕೇಳಿದವರೇ ವಿರಳ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಶಾಲೆಯ ಕಚೇರಿಯ ಜಾಲವನ್ನಾಗಲಿ, ಶುಲ್ಕದ ಲೆಕ್ಕವನ್ನಿಟ್ಟ ಯಂತ್ರಗಳನ್ನಾಗಲಿ ವಿದ್ಯಾರ್ಥಿನಿಯರು ಕಟ್ಟಿದ ಕಂಟ್ರೋಲರಿಗೆ ಒಪ್ಪಿಸಕೂಡದು. ಉತ್ಸಾಹವು ಏರಿದಾಗ ಇಂಥ ಯೋಚನೆ ಬರುವದು ಸಹಜ, ಹಿರಿಯರು ತಡೆಯಬೇಕು. ಮಿನಿನೆಟ್ಟಿನ ಒಳಗೆ ಲೋಕವನ್ನೇ ಕೆಡಿಸಿ ಮತ್ತೆ ಕಟ್ಟಬಹುದು. ಪರೀಕ್ಷೆಯ ಮುನ್ನಾದಿನ ಕಚೇರಿಯ ಜಾಲವು ನಿಂತರೆ ಅದು ಬೇರೆ ಮಾತು.

ಖರ್ಚಿನ ವಿಷಯ ಹೇಳುವದಾದರೆ, ಸಾಫ್ಟ್‌ವೇರಿಗೆ ಬೆಲೆಯಿಲ್ಲ. 8 ಜಿಬಿ ಮೆಮೊರಿಯ ಕಂಪ್ಯೂಟರು ಸಾಕು, 16 ಇದ್ದರೆ ಸುಖ. ಮೊದಲನೆಯ ಸಲ ಭಾಗಗಳನ್ನು ತರಿಸಿಕೊಳ್ಳಲು ಒಳ್ಳೆಯ ಇಂಟರ್‌ನೆಟ್ ಸಂಪರ್ಕ ಬೇಕು. ಒಮ್ಮೆ ಬಂದವು ಯಂತ್ರದಲ್ಲಿಯೇ ಉಳಿಯುವದರಿಂದ ಎರಡನೆಯ ಸಲ ಅಷ್ಟು ಕಷ್ಟವಿಲ್ಲ. ಕೊರತೆಯಿರುವದು ಕಲಿಸುವವರದು. ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಇದೇ ಉದ್ಯೋಗದಲ್ಲಿರುವ ಹಳೇ ವಿದ್ಯಾರ್ಥಿನಿಯರು, ತಿಂಗಳಿಗೊಂದು ಶನಿವಾರದ ಮಧ್ಯಾಹ್ನವನ್ನು ಒಂಬತ್ತು, ಹತ್ತನೆಯ ತರಗತಿಗಳಿಗೆ ಕೊಡುವದಾದರೆ ಮುಂದಿನ ಜೂನಿನಲ್ಲಿಯೇ ಆರಂಭಿಸಬಹುದು. ಬರುವವರು ಸಿದ್ಧ ಕಟ್ಟನ್ನು ತರುವದು ಬೇಡ. ಮೊದಲನೆಯ ಕೆಂಪು ಸಾಲು ಬಂದಾಗ ಕೀಲಿಮಣೆಯನ್ನು ಹುಡುಗಿಯ ಕೈಯಿಂದ ತೆಗೆದುಕೊಳ್ಳದೆ ಪಕ್ಕದಲ್ಲಿ ಕುಳಿತಿರುವ ತಾಳ್ಮೆಯನ್ನು ತಂದರೆ ಸಾಕು.